ತಪಾಸಣೆಯ ದಿನದ ತೊಟ್ಟಿಲು

ಕಾರ್ಖಾನೆಗಳ ಶಿಶುಪಾಲನಾ ಕೊಠಡಿಗಳನ್ನು ತಪಾಸಣೆ ಮಾಡುವ ಮಾನ್ಯ ಅಧಿಕಾರಿಗಳೇ,

ನಮ್ಮ ಶರ್ಟ್ ಕಾರ್ಖಾನೆಯ ತೊಟ್ಟಿಲು ಕೋಣೆ ವರ್ಷಕ್ಕೆ ಒಂದೇ ದಿನ ತೆರೆಯುತ್ತದೆ. ಅದು ತಾವು ಬರುವ ದಿನ. ಉಳಿದಂತೆ ಬಾಗಿಲಿಗೆ ಬೀಗ. ತೊಟ್ಟಿಲುಗಳಲ್ಲಿ ನೂಲಿನ ಉಂಡೆಗಳು ಮಲಗಿರುತ್ತವೆ. ಅಳುವುದಿಲ್ಲ, ಒದ್ದೆ ಮಾಡಿಕೊಳ್ಳುವುದಿಲ್ಲ, ಬಲು ಸಾಧು ಕೂಸುಗಳು. ಆದರೂ ತಮ್ಮ ವರದಿ ಗಾಜಿನ ಚೌಕಟ್ಟಿನೊಳಗೆ ಕುಳಿತು, ನಾವು ಹಾಜರಿ ಹಾಕುವ ಗೋಡೆಯ ಮೇಲೆ ಮೆರೆಯುತ್ತಿದೆ: 'ಆಟಿಕೆಗಳನ್ನು ಹೊಸದರಂತೆ ಕಾಪಾಡಲಾಗಿದೆ.' ಮಕ್ಕಳ ಕೈಗೆ ಸಿಕ್ಕ ಆಟಿಕೆ ಹೊಸದರಂತೆ ಉಳಿದದ್ದನ್ನು ತಾವು ಯಾವ ಮನೆಯಲ್ಲಿ ಕಂಡಿದ್ದೀರಿ?

ಕಳೆದ ಸಲ ತಾವು ಬರುವ ಎರಡು ದಿನ ಮುಂಚೆ ಸೂಪರ್‌ವೈಸರ್ ನಮ್ಮ ಸಾಲಿಗೆ ಬಂದರು. ಕೈಗೂಸು ಇರುವವರೆಲ್ಲ ಗುರುವಾರ ತಪ್ಪದೆ ಕರೆತರಬೇಕು, ಸ್ನಾನ ಮಾಡಿಸಿರಬೇಕು, ಮೂಗು ಸೋರುತ್ತಿರಬಾರದು ಎಂದು ಅಪ್ಪಣೆಯಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ಹಿರಿಯರು ನಗುತ್ತಿದ್ದರು. ನಮ್ಮಲ್ಲಿ ಕೂಸೂ ಇದೆ, ಕುಲಾವಿಯೂ ಇದೆ. ಎರಡನ್ನೂ ಒಂದೆಡೆ ಸೇರಿಸಲು ತಮ್ಮ ಸವಾರಿ ಬರಬೇಕು. ಹತ್ತು ತಿಂಗಳ ಮಗನನ್ನು ಎತ್ತಿಕೊಂಡು ನಾನೂ ಬಂದೆ. ಸುಳ್ಳೇಕೆ ಹೇಳಲಿ, ಅಂದು ನನಗೆ ಸಂತೋಷವೇ ಆಗಿತ್ತು. ಹನ್ನೊಂದು ಗಂಟೆಗೆ ಎದ್ದು ಹೋಗಿ ಹಾಲೂಡಿಸಿ ಬಂದೆ. ಆ ದಿನ ನಾನು ಕೂರಿಸಿದ ಕಾಲರ್‌ಗಳಲ್ಲಿ ಒಂದೂ ಸೊಟ್ಟಗಾಗಲಿಲ್ಲ.

ತಾವು ನಮ್ಮ ಸಾಲಿನ ನಡುವೆ ನಿಂತಿದ್ದಾಗ ನನ್ನ ಮಗ ಅಂಬೆಗಾಲಿಡುತ್ತ ಹೊರಬಂದು ತಮ್ಮ ಬೂಟಿನ ಪಕ್ಕ ಕುಳಿತ. ಸೂಪರ್‌ವೈಸರ್ ಬಾಯಿಂದ ಅಭ್ಯಾಸಬಲದಿಂದ ಮಾತು ಜಾರಿತು: "ಯಾರದಮ್ಮ ಈ ಮಗು? ಇಲ್ಲಿಗೆ ಮಕ್ಕಳನ್ನ ತರಬಾರ್ದು ಅಂತ ಎಷ್ಟು ಸಲ ಹೇಳ್ಬೇಕು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಲವತ್ತು ಮಿಷನ್‌ಗಳು ಒಮ್ಮೆಲೇ ನಿಂತವು. ಈಗ ಕೇಳುತ್ತೀರಿ, ಈಗ ಕೇಳುತ್ತೀರಿ ಎಂದು ತಮ್ಮ ಮುಖವನ್ನೇ ನೋಡಿದೆವು. ತಾವು ಮುಗುಳ್ನಕ್ಕು ಪೆನ್ನು ತೆಗೆದಿರಿ. ಏನು ಬರೆದಿರೆಂದು ಆಮೇಲೆ ಗೋಡೆಯ ಮೇಲೆ ಓದಿದೆವು: 'ಶಿಸ್ತು ತೃಪ್ತಿಕರ.'

ಶುಕ್ರವಾರ ಮತ್ತೆ ಮಗನನ್ನು ಎತ್ತಿಕೊಂಡು ಹೋದೆ. ಗೇಟಿನ ಕಾವಲುಗಾರ ಒಳ್ಳೆಯವನು, ತಲೆ ತಗ್ಗಿಸಿಯೇ ಹೇಳಿದ: "ನಿನ್ನೇದು ನಿನ್ನೆಗೇ ಮುಗೀತಕ್ಕ."

ಹಾಗಾದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ತಾವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಗಂಡ ವಾರಗಟ್ಟಲೆ ಲಾರಿಯ ಮೇಲೆ, ಅತ್ತೆಗೆ ಕಣ್ಣು ಕಾಣುವುದಿಲ್ಲ. ನೋಡಿಕೊಳ್ಳುವವಳು ನನ್ನ ಮಗಳು. ಎಂಟು ವರ್ಷ, ಮೂರನೇ ತರಗತಿ. ಹಾಲು ಆರಿಸಿ ಕುಡಿಸಬಲ್ಲಳು, ಬಟ್ಟೆ ಬದಲಿಸಬಲ್ಲಳು. ಏಳರ ಮಗ್ಗಿ ಬರುವುದಿಲ್ಲ. ತಾವು ಬಂದ ಗುರುವಾರ ಅವಳು ಶಾಲೆಗೆ ಹೋಗಿದ್ದಳು. ಮೊನ್ನೆ ಜಡೆ ಹಾಕುವಾಗ ಕೇಳಿದಳು: "ಅಮ್ಮ, ಆ ಸಾಹೇಬ್ರು ಮತ್ತೆ ಯಾವಾಗ ಬರ್ತಾರೆ? ಅವತ್ತು ನಾನು ಸ್ಕೂಲಿಗೆ ಹೋಗ್ಬಹುದಲ್ವಾ?"

ನಾನು ಜಡೆಯ ತುದಿಗೆ ರಿಬ್ಬನ್ ಕಟ್ಟಿದೆ. ಅವಳ ಶಾಲೆ ಬಿಡಿಸಿದ ಕೈ ನನ್ನದೇ. ಆ ನಾಚಿಕೆಯನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ಹೇಳದೆ ಬನ್ನಿ. ಬೀಗ ತೆಗೆಸಿ, ಆ ಆಟಿಕೆಗಳ ನಡುವಿನ ಮರದ ಕುದುರೆಯ ಕಿವಿ ನೋಡಿ. ಅಲ್ಲಿ ನನ್ನ ಮಗನ ಎರಡು ಹಲ್ಲಿನ ಗುರುತಿದೆ. ಬೇರೆ ಗುರುತೇನಾದರೂ ಇದ್ದರೆ ನನ್ನ ಮಾತು ಸುಳ್ಳೆಂದು ಬರೆಯಿರಿ. ಹೇಳದೆ ಬರಲು ನಿಯಮ ಅಡ್ಡಬಂದರೆ, 'ನಾಳೆ ಬರುತ್ತೇನೆ' ಎಂದು ದಿನಾ ಒಂದು ಚೀಟಿಯನ್ನಾದರೂ ಕಳಿಸಿ. ತಾವು ಬರುವುದೇ ಬೇಡ. ನನ್ನ ಮಗಳು ಶಾಲೆಗೆ ಹೋಗುತ್ತಾಳೆ.

ಇಂತಿ,
ವರ್ಷಕ್ಕೊಂದು ದಿನ ಮಾತ್ರ ತಾಯಿಯೆಂದು ಲೆಕ್ಕಕ್ಕೆ ಬರುವ,
ಮೂರನೇ ಸಾಲಿನ ಕಾಲರ್ ಹೊಲಿಯುವವಳು