ಗಡಿಯಾಚೆಯ ಕಡಲೆ

ಖಜೂರಿ, ೫ ಡಿಸೆಂಬರ್ ೧೯೪೮, ರವಿವಾರ

“ಓಟು ಹಾಕಾಕ ಅಂಗೈ ತೋರಿಸಬೇಕೇನ್ರಿ, ನಾ ಕಳ್ಳ ಏನ್ರಿ?” ಎಂದು ರೇಗಿದ ಸೈದಪ್ಪ.

ಊರ ಪಂಚಾಯತಿಗೆ ಇದೇ ಮೊದಲ ಚುನಾವಣೆ. ಕಂಬಳಿಯ ಮರೆಯಲ್ಲಿ ಬೀರಣ್ಣ, ಸೈದಪ್ಪ ಇಬ್ಬರ ಹೆಸರಿನ ಎರಡು ಗಡಿಗೆ. ಓಟು ಹಾಕಲು ಒಬ್ಬೊಬ್ಬರಿಗೆ ಒಂದು ಜೋಳದ ಕಾಳು. ಸೈದಪ್ಪನನ್ನು ನಿಲ್ಲಿಸಿದವನು ಗಡಿಯಾಚೆಯ ಸಾಹುಕಾರ. ಸೈದಪ್ಪ ಗೆದ್ದರೆ ನಮ್ಮ ಸಂತೆ ಆ ಸಾಹುಕಾರನ ಊರಿಗೆ ಹೋಗುತ್ತದೆ. ನಿನ್ನೆ ಅವನ ಆಳುಗಳು ಮನೆಮನೆಗೆ ಸೀರೆಯ ಜೊತೆ ಒಂದೊಂದು ಕಡಲೆಕಾಳು ಹಂಚಿದರು. ಜೋಳದ ಬದಲು ಅದನ್ನೇ ಸೈದಪ್ಪನ ಗಡಿಗೆಗೆ ಹಾಕಬೇಕಂತೆ; ಕಡಲೆ ಕಡಿಮೆ ಬಿದ್ದರೆ ಸೀರೆ ವಾಪಸು.

ಕಂಬಳಿಯ ಬಳಿ ನನ್ನ ಹೆಂಡತಿ ಕಾಶಿಬಾಯಿ ಮೊರ ಹಿಡಿದು ಕೂತಳು. “ಕಡ್ಲಿ ಇದರಾಗ ಹಾಕ್ರಿ, ಅಂಗೈ ತೋರಸ್ರಿ, ಜೋಳ ತಗೊಂಡು ಒಳಗ ಹೋಗ್ರಿ.” ಎಲ್ಲರದೂ ಜೋಳವೇ ಆದರೆ ಯಾರ ಓಟು ಯಾರಿಗೆಂದು ಸಾಹುಕಾರನಿಗೆ ತಿಳಿಯದು.

“ನಂದು ಹುರದು ತಿಂದೇನಿ ಬೇ!” ಎಂದಳು ನೆರೆಮನೆಯ ನಿಂಬೆವ್ವ, ಹೊಸ ಸೀರೆಯಲ್ಲೇ.

ಅಂಜಿ ಬಂದಿದ್ದವರೂ ನಕ್ಕರು. ಬೀರಣ್ಣ ಗೆದ್ದ. ಗುಂಪಿನಿಂದ ದೂರ ನಿಲ್ಲುವವನು ನಾನು. ಬೆರಳಿಂದ ಕಾಳು ಜಾರಿದಾಗ ಯಾಕೋ ಹಗುರಾದೆ. ಇನ್ನೂ ನಗು ಬರುತ್ತಿದೆ.

ಸಂತೆ ಇಲ್ಲೇ ಉಳಿಯಿತು, ಗೆಳೆಯ ಗನಿ. ಸೆಪ್ಟೆಂಬರಿನ ಗಲಾಟೆಯಲ್ಲಿ ನೀನು ಮುಚ್ಚಿ ಹೋದ ನಿನ್ನ ಬಳೆ ಅಂಗಡಿಯನ್ನು ತೆರೆಯಲು ಯಾವಾಗ ಬರುತ್ತೀ?