ಉಣ್ಣಲೊಲ್ಲದ ಅತಿಥಿಗಳು

ಪ್ರೀತಿಯ ಅಮ್ಮ,

ಎಲ್ಲರೂ ಉಂಡ ಮೇಲೆ ತಣ್ಣಗಿನದು ಉಣ್ಣುವುದು ಸಾಕಾಯಿತೆಂದು ನೀನು ಸವಾಯಿ ದ್ವೀಪಕ್ಕೆ, ಚಿಕ್ಕಮ್ಮನ ಮನೆಗೆ ಹೋದ ಮೇಲೆ ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಹಂದಿಯೊಂದನ್ನು ಬಿಟ್ಟು. ನ್ಯೂಜಿಲೆಂಡಿನ ಮಿಷನ್ ತಂಡ ನಮ್ಮಲ್ಲಿ ಇಳಿದುಕೊಂಡಿದೆಯಲ್ಲ, ಭಾನುವಾರ ಚರ್ಚು ಮುಗಿಯುವ ಹೊತ್ತಿಗೆ ಅದು ಕಲ್ಲೊಲೆಯಲ್ಲಿ ಬೆಂದಿತ್ತು.

ಒಳ್ಳೆಯ ಜನ. ಸಂಜೆ ಪ್ರಾರ್ಥನೆಗೆ ಶಂಖ ಊದಿದರೆ ಇದ್ದಲ್ಲೇ ಕೂರುತ್ತಾರೆ. ಮೊನ್ನೆ ಒಬ್ಬರು ಸ್ನಾನದ ಕೊಳದಲ್ಲೇ ಕೂತು ಆಮೆನ್ ಎಂದರು. ಆದರೆ ಭಾನುವಾರ ಊಟಕ್ಕೆ ಕೂತಾಗ, ಮನೆಯವರು ಉಣ್ಣದೆ ತಾವು ಮುಟ್ಟುವುದಿಲ್ಲ ಎಂದುಬಿಟ್ಟರು. ಅತಿಥಿಗಳು ಉಂಡು ಏಳದೆ ನಾವು ಹೇಗೆ ಉಣ್ಣುವುದು?

ಬೀಸಣಿಗೆಯಿಂದ ನೊಣ ಓಡಿಸುತ್ತ ಅಪ್ಪ, “ನೀವು ತಗೊಳ್ಳಿ” ಅಂದರು.

“ಮೊದ್ಲು ನೀವು ಬನ್ನಿ” ಅಂದರು ತಂಡದ ಹಿರಿಯಾಕೆ ಹೇಝಲ್.

ಯಾರೂ ಸೋಲದಿದ್ದಾಗ ಇನ್ನೊಮ್ಮೆ ಪ್ರಾರ್ಥನೆಯಾಯಿತು. ಆಮೆನ್‌ಗೆ ಕಾಯದವು ನೊಣಗಳು ಮಾತ್ರ.

ಕೊನೆಗೆ ಅಜ್ಜಿ, “ಲೋ ಮಗನೇ, ನಿನ್ನ ಮರ್ಯಾದೆ ಇನ್ನೂ ಬಿಸಿಯಾಗೇ ಇದೆ, ಹಂದಿ ತಣ್ಣಗಾಯ್ತು. ಕೂತ್ಕೋ” ಎಂದಳು. ಅಪ್ಪ ಅತಿಥಿಗಳ ಜೊತೆ ಕೂತರು, ನಾವೂ ಕೂತೆವು.

“ನಿಮ್ಮ ಹೆಂಡತಿ ಎಲ್ಲಿ ಕೂರ್ತಾರೆ?” ಹೇಝಲ್ ಕೇಳಿದರು.

ಉತ್ತರಿಸಲು ಬಾಯಿ ತೆರೆದ ಅಪ್ಪ ಅದರೊಳಗೆ ದೊಡ್ಡ ತುಂಡು ಹಂದಿಮಾಂಸ ತುರುಕಿಕೊಂಡು ತುಂಬಾ ಹೊತ್ತು ಅಗಿದರು.

ಶನಿವಾರದ ಹಡಗಿಗೆ ಬಾ. ಚಿಕ್ಕಮ್ಮನ ತೋಟದ ಕೆಸುವಿನೆಲೆ ತಾ. ಅಪ್ಪ ಈಗಲೇ ತಮ್ಮ ಚಾಪೆಯ ಪಕ್ಕ ಇನ್ನೊಂದು ಹಾಸಿದ್ದಾರೆ. ಯಾರಿಗೆ ಎಂದು ಕೇಳಿದ್ದಕ್ಕೆ, “ನಿಮ್ಮಮ್ಮ ಬರೋವರೆಗೂ ಅದರ ಮೇಲೆ ಯಾರೂ ಕೂರಬೇಡಿ” ಅಂದರು.

ನಿನ್ನ ಮಗಳು
ಟೆಲೇಸಿಯಾ