ಟೆಂಡರ್ ಅಂದರೆ ಎಂತ

ಮಂಗಲ್ಪಾಡಿ
17 ನವೆಂಬರ್ 2024, ಆದಿತ್ಯವಾರ

ಪ್ರೀತಿಯ ಲೋಲಾಕ್ಷಿ,

ಸೌಖ್ಯವಾ ಎಂದು ಕೇಳುವ ಮುಖ ನನಗಿಲ್ಲ. ನಾನಿಲ್ಲಿ ಸೌಖ್ಯ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ನೀನು ಅಡೂರಿಗೆ ಹೋಗಿ ಎರಡೂವರೆ ತಿಂಗಳಾಯಿತು, ಡೈಸಿಯ ಒಂದು ಕಾಗದವೂ ಇಲ್ಲ ಎಂದು ಬೇಜಾರು ಮಾಡಿಕೊಂಡಿರಬಹುದು. ಬರೆಯಲಿಲ್ಲ ಎಂದಲ್ಲ. ಮೂರು ಸಲ ಬರೆದು ಹರಿದು ಒಲೆಗೆ ಹಾಕಿದೆ. ಫೋನಿನಲ್ಲಿ ಹೇಳಿಬಿಡುವ ಎಂದು ಎಷ್ಟೋ ಸಲ ಹೊರಟೆ. ನೀನು ಮತ್ತೆಂತ ವಿಶೇಷ ಎಂದು ಕೇಳಿದ ಕೂಡಲೇ ನನ್ನ ಬಾಯಿ ಬಿಸಿಲು, ಸೆಕೆ, ಮೀನಿನ ರೇಟು ಎಂದು ಬೇರೆ ಕಡೆ ಓಡುತ್ತದೆ. ನಾವಿಬ್ಬರೂ ಬೆಂಚು ಹಂಚಿಕೊಂಡು ಕೂತ ಕಾಲದಿಂದ ಮಾತಾಡಿದ್ದು ತುಳುವಿನಲ್ಲಿ, ಬರೆದದ್ದು ಮಾತ್ರ ಕನ್ನಡದಲ್ಲಿ. ಬರೆಯುವ ಭಾಷೆಯಲ್ಲಾದರೂ ಧೈರ್ಯ ಬಂದೀತು ಎಂದು ಇವತ್ತು ಪೂಜೆ ಮುಗಿಸಿ ಇಗರ್ಜಿಯಿಂದ ಬಂದವಳೇ ಕೂತಿದ್ದೇನೆ.

ಮೊದಲು ಊರಿನ ಸುದ್ದಿ. ಹೈವೇ ಕೆಲಸ ಇನ್ನೂ ಮುಗಿದಿಲ್ಲ. ಉಪ್ಪಳದಲ್ಲಿ ರಸ್ತೆ ದಾಟಬೇಕಾದರೆ ಅರ್ಧ ಊರು ಸುತ್ತಬೇಕು. ನಿನ್ನ ಮನೆಯ ಅಬ್ಬಲಿಗೆ ಗಿಡಗಳು ಬದುಕಿವೆ. ನಿನ್ನ ಗಂಡ ಉಗ್ಗಪ್ಪಣ್ಣ ಬೆಳಿಗ್ಗೆ ಎದ್ದು ಮೊದಲು ಅವಕ್ಕೆ ನೀರು ಹಾಕುತ್ತಾರೆ, ಆಮೇಲೆ ತನಗೆ ಚಾ ಮಾಡಿಕೊಳ್ಳುತ್ತಾರೆ. ಹೂ ಕೊಯ್ಯುವವರಿಲ್ಲ, ಗಿಡದಲ್ಲೇ ಬಾಡುತ್ತದೆ. ಕೆಲಸಕ್ಕೆ ಹೋಗುತ್ತಾರೆ, ಆದರೆ ಕಲ್ಲು ಕಟ್ಟುವ ಕೈಗೆ ಮೊದಲಿನ ನೇರ ಇಲ್ಲವಂತೆ. ಮೊನ್ನೆ ಒಂದು ಕಂಪೌಂಡಿನ ಗೋಡೆ ವಾಲಿದೆ ಎಂದು ಮನೆಯವರು ಬಿಚ್ಚಿಸಿದರು. ಮೂವತ್ತು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಉಗ್ಗಪ್ಪಣ್ಣ ಬಿಚ್ಚಿ ಪುನಃ ಕಟ್ಟಿಕೊಟ್ಟರಂತೆ.

ಈ ತಿಂಗಳ ಎರಡನೇ ತಾರೀಕು ನಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ದಿನ. ಪ್ರತಿ ಮನೆಯವರೂ ತಮ್ಮ ಸತ್ತವರ ಹೆಸರು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಪಾದ್ರಿಗಳು ಓದುತ್ತಾರೆ. ನಾನು ಅಪ್ಪ, ಅಮ್ಮ, ಅಣ್ಣ ಸಿಮೋನ್ ಎಂದು ಬರೆದು ಕೆಳಗೆ ತೃಪ್ತಿ ಎಂದು ಬರೆದೆ. ಪಾದ್ರಿಗಳು ಆ ಹೆಸರು ಓದುವಾಗ ನಾಲ್ಕು ಜನ ತಿರುಗಿ ನೋಡಿದರು. ನೋಡಲಿ. ನಮ್ಮ ಕಡೆಯ ದೇವರು ನಿಮ್ಮ ಮಗಳನ್ನು ಬೇಡ ಎನ್ನಲಿಕ್ಕಿಲ್ಲ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಓದಿ ಮುಗಿಸುವವರೆಗೆ ಕಾಗದವನ್ನು ಕೆಳಗಿಡಬೇಡ.

ತೃಪ್ತಿಯ ಬೊಜ್ಜದ ದಿನ ನೀನು ತಿಥಿಯೂಟಕ್ಕೆ ಬಂದವರೆಲ್ಲರ ಎದುರು ಉಗ್ಗಪ್ಪಣ್ಣನಿಗೆ ಹೇಳಿದ್ದು ನನಗೆ ಮರೆಯುವುದಿಲ್ಲ. ಕಲ್ಲು ಕಟ್ಟಿ ಕಟ್ಟಿ ಈ ಮನುಷ್ಯನ ಮನಸ್ಸೂ ಕಲ್ಲಾಯಿತು, ಮಗಳು ಹೊಟ್ಟೆನೋವು ಎಂದು ಒದ್ದಾಡುವಾಗ ಎರಡು ದಿನ ಮನೆಯಲ್ಲಿ ಮಲಗಿಸಿ ಕೂತ ಎಂದೆ. ಅವರು ಸಾರಿನ ಬಾಲ್ದಿ ಹಿಡಿದುಕೊಂಡು ನಿಂತಿದ್ದರು. ಬಾಲ್ದಿ ಇಟ್ಟು ಹಿತ್ತಿಲಿಗೆ ಹೋದರು. ಮಾರನೆಯ ವಾರ ನೀನು ಬಟ್ಟೆ ಕಟ್ಟಿಕೊಂಡು ಅಡೂರಿಗೆ, ನಿನ್ನ ತಮ್ಮ ಲತೀಶನ ಮನೆಗೆ ಹೋದೆ. ಆ ದಿನ ಅವರ ಪಕ್ಕದಲ್ಲೇ ನಿಂತಿದ್ದ ನಾನೂ ಬಾಯಿ ತೆರೆಯಲಿಲ್ಲ. ತೆರೆಯಬೇಕಾದವಳು ನಾನೇ ಆಗಿದ್ದೆ.

ಆ ಶನಿವಾರ ನೀನು ಅಡೂರಿನಲ್ಲಿದ್ದೆ. ನಿನ್ನ ಅಮ್ಮ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಇಲ್ಲಿ ಬೆಳಿಗ್ಗೆ ತೃಪ್ತಿಗೆ ಹೊಟ್ಟೆನೋವು ಶುರುವಾಯಿತು. ಮಧ್ಯಾಹ್ನಕ್ಕೆ ವಾಂತಿಯಾಯಿತು. ಉಗ್ಗಪ್ಪಣ್ಣ ಕೆಲಸ ಬಿಟ್ಟು ಬಂದು ಅವಳನ್ನು ರಿಕ್ಷಾದಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಇದನ್ನು ನೀನು ಮನಸ್ಸಿಟ್ಟು ಓದು, ಅವರು ಒಂದು ಗಂಟೆ ಸಹ ತಡ ಮಾಡಲಿಲ್ಲ. ಡಾಕ್ಟರು ಹೊಸಬರು, ಕೇರಳದ ತೆಂಕು ಕಡೆಯವರು, ಅವರ ಮಲಯಾಳ ಬೇಗ ಬೇಗ. ನೋವು ಕಡಿಮೆಯಾಗಲು ಇಂಜೆಕ್ಷನ್ ಕೊಟ್ಟರು, ಚೀಟಿ ಬರೆದರು, ಸ್ಕ್ಯಾನ್ ಎಂದರು, ಇನ್ನೂ ಎಂತದೋ ಹೇಳಿದರು. ಉಗ್ಗಪ್ಪಣ್ಣನಿಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಹಿಂದೆ ಜನ ಸಾಲು ನಿಂತಿದ್ದರು, ಎರಡನೇ ಸಲ ಕೇಳಲು ಅವರಿಗೆ ನಾಚಿಕೆಯಾಯಿತು. ಮನೆಯಲ್ಲಿ ತೃಪ್ತಿಯನ್ನು ಮಲಗಿಸಿ, ಚೀಟಿ ಹಿಡಿದು ಸೀದಾ ನನ್ನಲ್ಲಿಗೆ ಬಂದರು.

ನನ್ನಲ್ಲಿಗೆ ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದವಳು, ಈ ವಾರ್ಡಿನ ಇಂಗ್ಲಿಷ್ ಕಾಗದ ಎಲ್ಲ ನನ್ನ ಜಗಲಿಗೇ ಬರುವುದು. ಬ್ಯಾಂಕಿನದ್ದು, ವೀಸಾದ್ದು, ಕರೆಂಟಿನದ್ದು. ಆ ದಿನವೂ ಜಗಲಿಯಲ್ಲಿ ಮೂರು ಜನ ಇದ್ದರು. ಉಗ್ಗಪ್ಪಣ್ಣ ಚೀಟಿ ಕೊಟ್ಟು, ಟೀಚರಿಗೆ ತಿಳಿಯದ ಇಂಗ್ಲಿಷ್ ಈ ಊರಿಗೆ ಬರಲಿಕ್ಕಿಲ್ಲ ಎಂದರು. ಎಲ್ಲರೂ ತಲೆ ಆಡಿಸಿದರು.

ಚೀಟಿಯಲ್ಲಿ ನನಗೆ ಓದಲಾದದ್ದು ಎರಡೇ ಶಬ್ದ. ಸಾಫ್ಟ್. ಟೆಂಡರ್. ಉಳಿದದ್ದು ದೊಡ್ಡಕ್ಷರದ ತುಂಡುಗಳು, ಗೀಚು. ಆ ಗೀಚು ಮದ್ದಿನ ಹೆಸರು ಎಂದುಕೊಂಡೆ. ಆ ಎರಡು ಶಬ್ದ ನೋಡಿ ನನಗೆ ಹಾಯೆನಿಸಿತು, ಲೋಲಾ. ಹೊಟ್ಟೆ ಮೃದುವಾಗಿದೆ ಎಂದು ಬರೆದಿದ್ದಾರೆ, ಗಂಟಿಲ್ಲ, ಗಟ್ಟಿ ಇಲ್ಲ, ಹೆದರುವಂಥದ್ದು ಎಂತದೂ ಇಲ್ಲ ಎಂದೆ.

ಅವರು ಕೇಳಿದರು, "ಹಾಗಾದ್ರೆ ಸ್ಕ್ಯಾನಿಗೆ ಈಗಲೇ ಕಾರು ಮಾಡಿ ಮಂಗಳೂರಿಗೆ ಹೋಗ್ಬೇಕಾ ಟೀಚರ್, ಸೋಮವಾರ ಸಾಕಾ?"

"ಸೋಮವಾರ ಸಾಕು," ಎಂದೆ. ಇಷ್ಟೇ ನಾನು ಹೇಳಿದ್ದು.

ಆ ಶಬ್ದವನ್ನು ನಾನು ತೃಪ್ತಿಗೇ ಕಲಿಸಿದ್ದೆ, ಆರನೇ ಕ್ಲಾಸಿನಲ್ಲಿ. ಪಾಠದಲ್ಲಿ ಒಂದು ಹಸು ಕರುವನ್ನು ನೆಕ್ಕುವುದು ಬರುತ್ತದೆ, ಅದರ ನೋಟ ಟೆಂಡರ್ ಎಂದು. ಟೆಂಡರ್ ಅಂದರೆ ಎಂತ ಎಂದು ಕೇಳಿದೆ. ಗಂಡುಮಕ್ಕಳು ಒಟ್ಟಿಗೆ, ಪಂಚಾಯತಿನ ರೋಡಿಗೆ ಕರೆಯುವುದು ಎಂದರು. ಇನ್ನೊಬ್ಬ ಬೊಂಡದ ಅಂಗಡಿಯ ಬೋರ್ಡು, ಎಳನೀರಿಗೆ ಟೆಂಡರ್ ಕೋಕೋನಟ್ ಎಂದು ಬರೆಯುತ್ತಾರಲ್ಲ ಎಂದ. ನಾನು ಬೋರ್ಡಿನ ಮೇಲೆ ಬರೆದೆ: ಮೃದು, ಎಳೆಯ, ಮಮತೆಯ. ತೃಪ್ತಿ ಎದ್ದು ನಿಂತು, ಬೊಂಡದ ಹೊರಗಿನ ಸಿಪ್ಪೆ ಅಷ್ಟು ಗಟ್ಟಿ ಇದೆಯಲ್ಲ ಟೀಚರ್, ಅದನ್ನು ಯಾಕೆ ಟೆಂಡರ್ ಎನ್ನುವುದು ಎಂದು ಕೇಳಿದಳು. ಎಳತು ಇರುವುದು ಒಳಗೆ, ಅದಕ್ಕೆ ಎಂದೆ. ಅವಳು ಅದನ್ನೂ ಬರೆದುಕೊಂಡಳು. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಹುಡುಗಿ. ಪ್ರತಿ ವರ್ಷ ಅದೇ ಪಾಠ, ಅದೇ ಮೂರು ಅರ್ಥ. ನಾಲ್ಕನೆಯದೊಂದು ಉಂಟು ಎಂದು ಇಪ್ಪತ್ತೆಂಟು ವರ್ಷದಲ್ಲಿ ನನಗೆ ಯಾರೂ ಹೇಳಲಿಲ್ಲ, ನಾನೂ ಹುಡುಕಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಅವಳ ನೋವು ಇದ್ದಕ್ಕಿದ್ದ ಹಾಗೆ ಕಡಿಮೆಯಾಯಿತು. ಉಗ್ಗಪ್ಪಣ್ಣನಿಗೆ ಸಂತೋಷ. ಗಂಜಿ ಬೇಯಿಸಿದರು. ನಾನು ಪೂಜೆಯಿಂದ ಬರುವಾಗ ಅವಳನ್ನು ನೋಡಲು ಹೋದೆ. ಎರಡು ಚಮಚ ಗಂಜಿ ತಿಂದು ಗೋಡೆಗೆ ಒರಗಿ ಕೂತಿದ್ದಳು, ಮುಖ ಬೂದಿಯ ಹಾಗೆ. ಪಕ್ಕದಲ್ಲಿ ಕೂತು, ಎಲ್ಲಿ ಮಗಾ ನೋವು ಎಂದು ಹೊಟ್ಟೆಯ ಬಲಕ್ಕೆ ಕೈ ಇಟ್ಟೆ. ಗಟ್ಟಿಯಾಗಿ ಅಲ್ಲ, ಸುಮ್ಮನೆ ಇಟ್ಟೆ. ಅವಳ ಮೈಯೆಲ್ಲ ಮುದುಡಿತು.

"ಮುಟ್ಬೇಡಿ ಟೀಚರ್," ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ಮತ್ತೆ ನನಗೆ ಬೇಜಾರಾಗಬಾರದೆಂದು ನಕ್ಕಳು.

ಉಳಿದದ್ದು ನಿನಗೆ ಗೊತ್ತುಂಟು. ಸೋಮವಾರ ಬೆಳಕು ಹರಿಯುವಾಗ ಜ್ವರ ಏರಿ ಮಾತು ನಿಂತುಹೋಯಿತು. ಮಂಗಳೂರಿಗೆ ಮುಟ್ಟಿಸಿದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ವಿಷವಾಗಿದೆ ಎಂದರು. ನೀನು ಬಂದು ಮುಟ್ಟುವಾಗ ಅವಳನ್ನು ಗಾಜಿನ ಆಚೆ ಮಲಗಿಸಿದ್ದರು. ಬುಧವಾರ ಎಲ್ಲ ಮುಗಿಯಿತು. ಹತ್ತೊಂಬತ್ತು ವರ್ಷ.

ಬೊಜ್ಜ ಕಳೆದ ಮೇಲೆ ನನ್ನ ತಂಗಿ ಜೂಲಿಯ ಮಗ ಮೆಲ್ವಿನ್ ಮನೆಗೆ ಬಂದಿದ್ದ. ಅವನು ಮಂಗಳೂರಿನಲ್ಲಿ ನರ್ಸ್. ಆ ಚೀಟಿ ನನ್ನ ಕನ್ನಡಕದ ಪೆಟ್ಟಿಗೆಯಲ್ಲೇ ಉಳಿದಿತ್ತು. ತೋರಿಸಿದೆ. ಡಾಕ್ಟರುಗಳು ಟೆಂಡರ್ ಎಂದು ಬರೆದರೆ ಮುಟ್ಟಿದರೆ ನೋಯುತ್ತದೆ ಎಂದು ಅರ್ಥ, ಮೌಶಿ, ಎಂದ. ಬಲಬದಿಯ ಕೆಳಗೆ ಎಂದು ಬರೆದಿದ್ದಾರೆ, ಕೂಡಲೇ ಸ್ಕ್ಯಾನ್ ಎಂದೂ ಬರೆದಿದ್ದಾರೆ. ನಾನು ಮದ್ದಿನ ಹೆಸರು ಎಂದುಕೊಂಡ ಅಕ್ಷರಗಳು ಅವು. ಮೆಲ್ವಿನ್ ನನ್ನ ಮುಖ ನೋಡಿ, ಈ ಚೀಟಿ ಯಾರದ್ದು ಎಂದು ಕೇಳಿದ. ನಾನು ಚೀಟಿ ಮಡಚಿ ಪುನಃ ಪೆಟ್ಟಿಗೆಗೆ ಹಾಕಿದೆ.

ಹಾಗೆ ನೋಡಿದರೆ ಆ ಶನಿವಾರವೇ ನನಗೆ ಒಂದು ಸಣ್ಣ ಅನುಮಾನ ಬಂದಿತ್ತು. ಡಾಕ್ಟರು ಯಾರ ಹೊಟ್ಟೆಯನ್ನಾದರೂ ಮಮತೆಯದ್ದು ಎಂದು ಬರೆಯುತ್ತಾರಾ ಎಂದು ಒಂದು ಕ್ಷಣ ತಲೆಗೆ ಹೊಳೆಯಿತು. ಮೆಲ್ವಿನನಿಗೆ ಒಂದು ಫೋನ್ ಸಾಕಿತ್ತು. ಜಗಲಿಯ ಜನ ನೋಡುತ್ತಿದ್ದರು. ನನಗೆ ಗೊತ್ತಿಲ್ಲ ಎನ್ನುವ ಮಾತು ಬರಲಿಲ್ಲ, ಲೋಲಾ. ಅದು ಅಷ್ಟು ಕಷ್ಟದ ಮಾತಲ್ಲ. ಈಗ ದಿನಾ ಹೇಳುತ್ತಿದ್ದೇನೆ. ಹೋದ ವಾರ ನಮ್ಮ ವಾರ್ಡಿನ ವಿಜೇತ್ ಗಲ್ಫಿನ ಕೆಲಸದ ಕಾಗದ ತಂದಿದ್ದ. ನನಗೆ ಗೊತ್ತಾಗುವುದಿಲ್ಲ, ಬೇರೆಯವರಿಗೆ ತೋರಿಸು ಎಂದು ಕಳಿಸಿದೆ. ಟೀಚರಿಗೆ ಕಣ್ಣು ಮಂದವಾಯಿತು ಎಂದು ಊರಲ್ಲಿ ಹೇಳುತ್ತಾರಂತೆ.

ಮೆಲ್ವಿನ್ ಹೋದ ಮರುದಿನ ಉಗ್ಗಪ್ಪಣ್ಣನಲ್ಲಿಗೆ ಹೋಗಿ, ಕಾಲು ಹಿಡಿಯುವುದೊಂದು ಬಿಟ್ಟು ಉಳಿದೆಲ್ಲ ಮಾಡಿ, ಚೀಟಿಯ ವಿಷಯ ಹೇಳಿದೆ. ಆ ಶಬ್ದಕ್ಕೆ ಬೇರೆ ಅರ್ಥ ಇತ್ತು, ತಪ್ಪು ನಿಮ್ಮದಲ್ಲ ನನ್ನದು, ಇವತ್ತೇ ಲೋಲಾಕ್ಷಿಗೆ ಹೇಳುತ್ತೇನೆ ಎಂದೆ. ಅವರು ಅಂಗೈಯ ಗಾರೆ ಕೆರೆಯುತ್ತ ಕೂತರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. ಆಮೇಲೆ ಹೇಳಿದರು:

"ಹೇಳ್ಬೇಡಿ ಟೀಚರ್. ಮಗಳು ಹೋದಳು. ನನ್ನ ಮುಖ ನೋಡ್ಲಿಕ್ಕೆ ಲೋಲಾಕ್ಷಿಗೆ ಮನಸ್ಸಿಲ್ಲ. ಇನ್ನು ಒಂದು ಮಾತಾಡ್ಲಿಕ್ಕೆ ಅವಳಿಗಿರೋದು ನೀವೊಬ್ರೇ. ಅದನ್ನೂ ತೆಗೀಬೇಡಿ."

ಆ ಮಾತಿನ ಹಿಂದೆ ನಾನು ಎರಡು ತಿಂಗಳು ಅಡಗಿ ಕೂತೆ. ಅವರ ಮಾತಿಗೆ ಬೆಲೆ ಕೊಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆದರಿಕೆ. ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದೆ. ಪಾದ್ರಿಗಳು, ನೀನು ಬೇಕೆಂದು ಮಾಡಿದ್ದಲ್ಲ, ದೇವರಿಗೆ ಗೊತ್ತುಂಟು ಎಂದರು. ದೇವರಿಗೆ ಗೊತ್ತಿದ್ದರೆ ಸಾಕಾಗುವುದಿಲ್ಲ, ಲೋಲಾಕ್ಷಿಗೆ ಗೊತ್ತಾಗಬೇಕು ಎಂದು ಹೊರಗೆ ಬಂದ ಮೇಲೆ ಅನಿಸಿತು.

ನಿನ್ನ ಗಂಡ ಕಲ್ಲಲ್ಲ. ನೀನು ಎಲ್ಲರೆದುರು ಅಂದದ್ದನ್ನೆಲ್ಲ ಅವರು ಹೊತ್ತುಕೊಂಡದ್ದು ನನ್ನನ್ನು ನಿನಗೆ ಉಳಿಸಲು. ನನ್ನನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ, ಕೇಳುವ ಜಾಗದಲ್ಲಿ ಇಲ್ಲ. ಅವರಿಗೆ ಒಂದು ಫೋನ್ ಮಾಡು. ಮನೆಗೆ ಬರುವುದು ಬಿಡುವುದು ಆಮೇಲೆ. ಹೇಗಿದ್ದೀರಿ ಎಂದು ಕೇಳಿದರೆ ಸಾಕು. ಈ ಕಾಗದ ಓದಿ ನೀನು ನನ್ನೊಟ್ಟಿಗೆ ಮಾತು ಬಿಟ್ಟರೆ ಅದು ನ್ಯಾಯವೇ. ನಾನು ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ.

ನಿನ್ನ ಅಮ್ಮ ಬೇಗ ನೆಲಕ್ಕೆ ಕಾಲು ಊರುವ ಹಾಗಾಗಲಿ. ನಿನಗೆ ಊಟ ರುಚಿಸಲಿ, ಒಂದು ಹಗಲಾದರೂ ಅಳದೆ ಕಳೆಯುವ ಹಾಗೆ ನೀನು ನಂಬುವ ದೇವರೂ ನಾನು ನಂಬುವ ದೇವರೂ ನಿನ್ನ ಬೆನ್ನ ಮೇಲೆ ಕೈ ಇಡಲಿ.

ನಿನ್ನ
ಡೈಸಿ

ಮತ್ತೆ ಬರೆದದ್ದು: ಕವರು ಅಂಟಿಸಿ ಪುನಃ ಬಿಚ್ಚಿದ್ದೇನೆ. ಪ್ರತಿ ಸಲ ಫೋನಿನಲ್ಲಿ ನೀನು ಒಂದೇ ಕೇಳುತ್ತೀ. ಎರಡು ದಿನ ನೋವಿನಲ್ಲಿದ್ದ ಮಗಳು ನನಗೆ ಒಂದು ಫೋನ್ ಯಾಕೆ ಮಾಡಲಿಲ್ಲ, ನಾನು ಅಮ್ಮನಲ್ಲಿಗೆ ಹೊರಡುವಾಗ ಅವಳು ಮೊಬೈಲು ನೋಡುತ್ತಿದ್ದಳೆಂದು ಬೈದೆನಲ್ಲ, ಆ ಸಿಟ್ಟಾ ಎಂದು. ನಿನಗೆ ಹೆದರಿಕೆಯಾಗಬಾರದೆಂದು ಮಾಡಿರಲಿಕ್ಕಿಲ್ಲ ಎಂದು ನಾನು ಪ್ರತಿ ಸಲ ಹೇಳಿದೆ. ಅದು ಸುಳ್ಳು. ಆದಿತ್ಯವಾರ ನಾನು ಹೊರಡಲು ಎದ್ದಾಗ ಅವಳ ಕೈಯಲ್ಲಿ ಫೋನಿತ್ತು, ನಿನ್ನ ಹೆಸರು ತೆಗೆದಿದ್ದಳು. "ಅಮ್ಮನಿಗೆ ಒಮ್ಮೆ ಮಾಡ್ತೇನೆ ಟೀಚರ್. ಅಮ್ಮ ಬಂದ್ರೆ ಸಾಕು ಅಂತ ಕಾಣ್ತದೆ," ಎಂದಳು. ಬೇಡ ಮಗಾ, ಅಜ್ಜಿಯನ್ನು ಬಿಟ್ಟು ಅಮ್ಮ ಓಡಿ ಬರುತ್ತಾಳೆ, ನಾಳೆ ಮಾಡುವ ಎಂದು ಹೇಳಿ ನಾನೇ ಫೋನಿಗೆ ಕೈ ಚಾಚಿದೆ. ಉಗ್ಗಪ್ಪಣ್ಣನಿಗೂ ಇದು ಗೊತ್ತಿಲ್ಲ. ಅವಳಿಗೆ ನಿನ್ನ ಮೇಲೆ ಯಾವ ಸಿಟ್ಟೂ ಇರಲಿಲ್ಲ, ಲೋಲಾ. ಅವಳಿಗೆ ನೀನು ಬೇಕಿತ್ತು. ನಾನು ಕೇಳಿದೆ ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.